ಅಚ್ಚಿನಲ್ಲಿ ಕರಗಿದ ಮನುಷ್ಯ: ಅಮೂರ್ತ ಮುದ್ರಣಚಿತ್ರಗಳಲ್ಲಿ ಮಾನವಾಕೃತಿಯನ್ನು ಓದುವ ಬಗೆಗಳು

ಒಂದು ಕೃತಿಯಲ್ಲಿ ಮನುಷ್ಯನಿದ್ದಾನೆ ಎನ್ನಲು ಎಷ್ಟು ಕಂಡರೆ ಸಾಕು? ಸತಿಯಾದವಳ ನೆನಪಿಗೆ ಮಾಸ್ತಿಕಲ್ಲು ಕೆತ್ತಿದವನಿಗೆ ಒಂದು ತೋಳು ಸಾಕಾಗಿತ್ತು. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿದ ತೋಳು, ಒಡೆಯದ ಬಳೆ, ಅಂಗೈಯಲ್ಲಿ ನಿಂಬೆಹಣ್ಣು. ಮುಖವಿಲ್ಲ, ಮೈಯಿಲ್ಲ. ಆದರೂ ಅಲ್ಲಿ ಹೆಂಗಸು ಎಲ್ಲಿದ್ದಾಳೆ ಎಂದು ಊರಿನ ಯಾರೂ ಕೇಳಿದವರಲ್ಲ. ಅದೇ ಊರಿನವರು ಒಂದು ಪ್ರದರ್ಶನಕ್ಕೆ ಹೋಗಿ, ತಾಮ್ರದ ತಗಡಿನಿಂದ ತೆಗೆದ ಅಮೂರ್ತ ಅಚ್ಚುಚಿತ್ರವೊಂದರ ಕೆಳಗೆ ‘ಆಕೃತಿ’ ಎಂಬ ಶೀರ್ಷಿಕೆ ಓದಿದರೆ ಮೊದಲು ಬಾಯಿಗೆ ಬರುವುದೇ ಆ ಪ್ರಶ್ನೆ: ಮನುಷ್ಯ ಎಲ್ಲಿದ್ದಾನೆ?

ಈ ಪ್ರಶ್ನೆಯನ್ನು ಅರಸಿಕತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಕಲಾವಿಮರ್ಶೆಯೇ ನೂರು ವರ್ಷಗಳಿಂದ ಇದಕ್ಕೆ ಒಮ್ಮತದ ಉತ್ತರ ಕೊಟ್ಟಿಲ್ಲ. ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ, ಕೆಲವಂತೂ ಪರಸ್ಪರ ಕಚ್ಚಾಡುತ್ತವೆ. ಯಾವ ವಾದ ಏನನ್ನು ವಿವರಿಸುತ್ತದೆ, ಎಲ್ಲಿ ಕೈಚೆಲ್ಲುತ್ತದೆ ಎಂದು ನೋಡುವುದು ಈ ಲೇಖನದ ಕೆಲಸ. ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳ ನೋಡುಗನನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಬೆಂಗಳೂರು, ದೆಹಲಿಯ ಗ್ಯಾಲರಿಗಳ ನೋಡುಗನ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ.

ಎಣ್ಣೆಯಚ್ಚಿನಿಂದ ಲಿನೋಕಟ್‌ವರೆಗೆ

ನಮ್ಮ ಮನೆಗಳಿಗೆ ಅಚ್ಚಿನ ಮಾನವಾಕೃತಿ ಬಂದದ್ದು ದೇವರ ರೂಪದಲ್ಲಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಛಾಪಖಾನೆ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರು ಕಲ್ಲಚ್ಚಿನಿಂದ ಬಣ್ಣಬಣ್ಣವಾಗಿ ಇಳಿದು ಬಂದರು. ಆ ಮೇಲೆ ಕ್ಯಾಲೆಂಡರುಗಳು ಅದೇ ಮಾದರಿಯನ್ನು ಮುಂದುವರಿಸಿದವು. ದುಂಡಗಿನ ತೋಳು, ನೆರಳುಬೆಳಕಿನ ಕೆನ್ನೆ, ಮುಟ್ಟಿದರೆ ಸಿಗುವಂಥ ರೇಷ್ಮೆ. ಅಚ್ಚುಚಿತ್ರವೆಂದರೆ ದೇಹವನ್ನು ತುಂಬಿ ತೋರಿಸುವುದು ಎಂಬ ನಿರೀಕ್ಷೆ ಅಲ್ಲಿಂದ ಬೇರೂರಿತು.

ಎರಡನೆಯ ಪಾಠ ಶಾಲೆಯದು. ಮುಂಬೈ ಕರ್ನಾಟಕದ ಊರುಗಳಲ್ಲಿ ಚಿತ್ರಕಲೆ ಎಂದರೆ ಡ್ರಾಯಿಂಗ್ ಮಾಸ್ತರರು ಮತ್ತು ಗ್ರೇಡ್ ಪರೀಕ್ಷೆಗಳು. ಕಲಿತವರ ದಾರಿ ಸಹಜವಾಗಿ ಮುಂಬೈಯ ಜೆ.ಜೆ. ಶಾಲೆಯ ಕಡೆಗಿತ್ತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಹುಬ್ಬಳ್ಳಿಯಲ್ಲಿ ಮಿಣಜಿಗಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಟ್ಟಿದ ಶಾಲೆಗಳು ಈ ಸೀಮೆಯ ಎಷ್ಟೋ ಹುಡುಗರಿಗೆ ಪೆನ್ಸಿಲ್ ಹಿಡಿಯಲು ಕಲಿಸಿದವು. ಅಳತೆ ತಪ್ಪದ ತಲೆ, ಸರಿಯಾಗಿ ಕೂತ ಭುಜ: ಆಕೃತಿಯನ್ನು ಅಳೆಯುವ ನಮ್ಮ ಮಾನದಂಡ ಅಲ್ಲಿಂದ ಬಂದದ್ದು. ಆ ಶಿಸ್ತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಮೂರ್ತ ಕೃತಿಯ ಮುಂದೆ ನಿಂತಾಗ ಆ ಒಂದೇ ಅಳತೆಗೋಲು ಕೈಯಲ್ಲಿದ್ದರೆ ಕಷ್ಟ.

ಭಾರತದಲ್ಲಿ ಅಚ್ಚಿನ ಆಕೃತಿ ತೆಳುವಾಗತೊಡಗಿದ್ದು ಶಾಂತಿನಿಕೇತನದಲ್ಲಿ. ನಂದಲಾಲ್ ಬೋಸ್ 1930ರಲ್ಲಿ ದಂಡಿ ಯಾತ್ರೆಯ ಗಾಂಧಿಯನ್ನು ಲಿನೋ ಹಾಳೆಯಲ್ಲಿ ಕೊರೆದರು. ಕಪ್ಪು ಹಿನ್ನೆಲೆ, ಕೆಲವೇ ಬಿಳಿ ಗೆರೆ, ಕೋಲು, ಮುಂದಿಟ್ಟ ಹೆಜ್ಜೆ. ಬಿಳಿ ಗೆರೆ ಎಂದರೆ ಉಳಿ ತೆಗೆದುಹಾಕಿದ ಜಾಗ. ಗಾಂಧಿ ಮೂಡಿದ್ದು ಸೇರಿಸಿದ್ದರಿಂದಲ್ಲ, ಕಳೆದದ್ದರಿಂದ. ಯುರೋಪಿನಲ್ಲಿ ಇದಕ್ಕೂ ಮೊದಲೇ ಎಡ್ವರ್ಡ್ ಮುಂಕ್ ತನ್ನ ‘ಮುತ್ತು’ ಎಂಬ ಮರದಚ್ಚಿನಲ್ಲಿ ಗಂಡುಹೆಣ್ಣಿನ ಎರಡು ಮುಖಗಳನ್ನು ಒಂದೇ ಮಚ್ಚೆಯಾಗಿ ಬೆಸೆದಿದ್ದ. ಹಲಗೆಯ ನಾರಿನ ಗೆರೆಗಳನ್ನೇ ಹಿನ್ನೆಲೆಯಾಗಿ ಬಿಟ್ಟಿದ್ದ. ಮರ ಮತ್ತು ಮೈ ಒಂದೇ ಕಾಗದದ ಮೇಲೆ ಸಮಾನವಾಗಿ ಮಾತಾಡತೊಡಗಿದ್ದು ಅಲ್ಲಿ.

ರೂಪವಾದಿಗಳ ಉತ್ತರ

ಮೊದಲ ಪಂಥದ ಉತ್ತರ ನೇರವಾಗಿದೆ: ಮನುಷ್ಯನನ್ನು ಹುಡುಕಲೇಬೇಡಿ. 1914ರಲ್ಲಿ ಕ್ಲೈವ್ ಬೆಲ್ ಹೇಳಿದ್ದು, ಕಲೆಯಲ್ಲಿ ಮುಖ್ಯವಾದದ್ದು ಗೆರೆ ಮತ್ತು ಬಣ್ಣಗಳ ಸಂಬಂಧ; ಅದು ಯಾರ ಚಿತ್ರ ಎಂಬುದು ಗೌಣ. ಈ ನೋಟದಲ್ಲಿ ಆಕೃತಿ ಒಂದು ನೆಪ. ಚೌಕಟ್ಟಿನೊಳಗಿನ ಭಾರ ಎತ್ತ ವಾಲಿದೆ, ಖಾಲಿ ಜಾಗ ಎಲ್ಲಿ ಬಿಗಿಯಾಗಿದೆ ಎಂಬುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ಆದರೆ ಹಾಗಿದ್ದರೆ ಕಲಾವಿದರು ಯಾಕೆ ಮತ್ತೆಮತ್ತೆ ದೇಹಕ್ಕೇ ಮರಳಿದರು, ಕೃತಿಗೆ ‘ಐದು ವ್ಯಕ್ತಿಗಳು’ ಎಂದು ಯಾಕೆ ಹೆಸರಿಟ್ಟರು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಇನ್ನೂ ಮುಂಚೆ, 1908ರಲ್ಲಿ, ವಿಲ್‌ಹೆಲ್ಮ್ ವೊರಿಂಗರ್ ಬೇರೆ ಮಾತು ಆಡಿದ್ದ: ಜಗತ್ತಿನ ಜೊತೆ ಹಾಯಾಗಿರುವ ಸಮಾಜ ದೇಹವನ್ನು ಇದ್ದಂತೆ ಚಿತ್ರಿಸುತ್ತದೆ, ಅಂಜಿಕೆಯಲ್ಲಿರುವ ಸಮಾಜ ಅಮೂರ್ತಕ್ಕೆ ಸರಿಯುತ್ತದೆ ಎಂದು. ಕೇಳಲು ಚೆಂದ. ಆದರೆ ಸಮಾಜವೊಂದರ ಅಂಜಿಕೆಯನ್ನು ಅಳೆಯುವವರು ಯಾರು?

ಪ್ರಕ್ರಿಯೆಯ ಪಂಥ

ಚಿತ್ರಕಾರನಿಗಿಂತ ಮುದ್ರಣಕಲಾವಿದ ಬೇರೆ ಎಂದು ಒತ್ತಿ ಹೇಳಿದ ಪಂಥ ಇದು. ನನ್ನ ಒಲವು ಇತ್ತ ಕಡೆಗೇ ಇರುವುದರಿಂದ ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸ್ಟಾನ್ಲಿ ವಿಲಿಯಂ ಹೇಟರ್ ಓದಿದ್ದು ರಸಾಯನಶಾಸ್ತ್ರ ಮತ್ತು ಭೂಗರ್ಭಶಾಸ್ತ್ರ. ಕೆಲಸ ಮಾಡಿದ್ದು ಪರ್ಷಿಯಾದ ತೈಲ ಕಂಪನಿಯಲ್ಲಿ. 1927ರಲ್ಲಿ ಆತ ಪ್ಯಾರಿಸ್‌ನಲ್ಲಿ ಆರಂಭಿಸಿದ ಕಾರ್ಯಾಗಾರ ಮುಂದೆ ‘ಆಟೆಲಿಯೇ 17’ ಎಂದು ಹೆಸರಾಯಿತು. ಯುದ್ಧದ ಹೊತ್ತಿಗೆ ನ್ಯೂಯಾರ್ಕಿಗೆ ಹೋಗಿ 1950ರಲ್ಲಿ ಪ್ಯಾರಿಸ್‌ಗೆ ಮರಳಿತು. ತಾಮ್ರದ ತಗಡಿನ ಮೇಲೆ ಬ್ಯೂರಿನ್ ಎಂಬ ಉಳಿಯನ್ನು ಅಂಗೈಯಿಂದ ಮುಂದಕ್ಕೆ ತಳ್ಳಿ ಕೊರೆಯುತ್ತಾರೆ. ಗೆರೆ ಬಾಗಬೇಕೆಂದರೆ ಕೈ ಬಾಗುವುದಿಲ್ಲ. ಎಡಗೈಯಿಂದ ತಗಡನ್ನು ತಿರುಗಿಸಬೇಕು. ಹೇಟರ್ ಇದನ್ನೇ ಆಲೋಚನೆಯ ವಿಧಾನವಾಗಿ ಮಾಡಿಕೊಂಡ. ಪೂರ್ವಯೋಜನೆಯಿಲ್ಲದೆ ಗೆರೆಯನ್ನು ಓಡಲು ಬಿಟ್ಟರೆ ಅದರ ಸುತ್ತಾಟದೊಳಗೆ ತೋಳು, ತೊಡೆ, ಬೆನ್ನು ತಾವಾಗಿ ಹುಟ್ಟುತ್ತವೆ ಎಂಬುದು ಅವನ ಅನುಭವ. 1946ರ ‘ಐದು ವ್ಯಕ್ತಿಗಳು’ ಈ ದಾರಿಯ ಪ್ರಸಿದ್ಧ ಕೃತಿ. ಅಲ್ಲಿ ದೇಹಗಳನ್ನು ಎಣಿಸಲು ಹೊರಟವರಿಗೆ ಒಬ್ಬನ ಬೆನ್ನು ಇನ್ನೊಬ್ಬನ ಎದೆಯಾಗಿರುವುದು ಗೊತ್ತಾಗುತ್ತದೆ.

ಈ ಕಾರ್ಯಾಗಾರಕ್ಕೆ 1950ರ ದಶಕದ ಆರಂಭದಲ್ಲಿ ಬಂದವರು ಕೃಷ್ಣ ರೆಡ್ಡಿ. ಚಿತ್ತೂರು ಸೀಮೆಯ ರೈತ ಕುಟುಂಬದ ಹುಡುಗ, 1925ರಲ್ಲಿ ಹುಟ್ಟಿದವರು, ಶಾಂತಿನಿಕೇತನದಲ್ಲಿ ನಂದಲಾಲರ ಶಿಷ್ಯ. ಮುಂದೆ ಅದೇ ಕಾರ್ಯಾಗಾರದ ಸಹ ನಿರ್ದೇಶಕರಾದರು. ಕೈಕೋ ಮೋತಿ ಜೊತೆ ಸೇರಿ ಅವರು ರೂಪಿಸಿದ ವಿಸ್ಕಾಸಿಟಿ ವಿಧಾನ ಒಂದೇ ತಗಡಿನಿಂದ, ಒಂದೇ ಒತ್ತಿಗೆ ಹಲವು ಬಣ್ಣ ತೆಗೆಯುತ್ತದೆ. ಹೇಗೆಂದರೆ, ತಗಡನ್ನು ಆಮ್ಲದಿಂದಲೂ ಉಳಿಯಿಂದಲೂ ಬೇರೆಬೇರೆ ಆಳಕ್ಕೆ ತಗ್ಗಿಸುತ್ತಾರೆ. ತಗ್ಗುಗಳಿಗೆ ಮೊದಲ ಮಸಿ ತುಂಬಿ ಮೇಲ್ಮೈ ಒರೆಸುತ್ತಾರೆ. ಅಗಸೆ ಎಣ್ಣೆ ಹೆಚ್ಚು ಬೆರೆಸಿ ತೆಳುವಾಗಿಸಿದ ಮಸಿಯನ್ನು ಗಟ್ಟಿ ರೋಲರಿನಿಂದ ಹಚ್ಚಿದರೆ ಅದು ಮೇಲಿನ ದಿಣ್ಣೆಗಳಿಗಷ್ಟೇ ತಾಗುತ್ತದೆ. ಬಳಿಕ ಎಣ್ಣೆ ಕಡಿಮೆಯಿರುವ ಜಿಗುಟು ಮಸಿಯನ್ನು ಮೆತ್ತನೆಯ ರೋಲರಿನಿಂದ ಒತ್ತಿದರೆ ಅದು ಕೆಳಗಿನ ಮಟ್ಟಕ್ಕೂ ಇಳಿಯುತ್ತದೆ. ಮೇಲಿನ ಎಣ್ಣೆ ಮಸಿ ಅದನ್ನು ಹತ್ತಿರ ಸೇರಿಸುವುದಿಲ್ಲ. ಬಣ್ಣಗಳು ಬೆರೆಯದೆ ಪಕ್ಕಪಕ್ಕ ಕೂರುತ್ತವೆ. ನಮ್ಮ ಕಡೆ ಅಗಸೆ ಎಂದರೆ ಚಟ್ನಿಪುಡಿ ನೆನಪಾಗುತ್ತದೆ. ಪ್ಯಾರಿಸ್‌ನಲ್ಲಿ ಅದರ ಎಣ್ಣೆಯಿಂದ ಒಂದು ಕಲಾಪ್ರಕಾರದ ದಿಕ್ಕೇ ಬದಲಾಯಿತು.

ಈಗ ಕೃಷ್ಣ ರೆಡ್ಡಿಯವರ ‘ಪ್ರದರ್ಶನಕಾರರು’ ಕೃತಿಯನ್ನು ನೋಡಿ. 1968ರ ಮೇ ತಿಂಗಳ ಪ್ಯಾರಿಸ್ ವಿದ್ಯಾರ್ಥಿ ಚಳವಳಿಯ ಹಿನ್ನೆಲೆಯಲ್ಲಿ ಹುಟ್ಟಿದ್ದು. ಒತ್ತೊತ್ತಾಗಿ ನಿಂತ ಉದ್ದನೆಯ ಆಕೃತಿಗಳು, ಮುಖಚಹರೆಯಿಲ್ಲ. ಬರೀ ಸಂಕೇತವಾಗಿ ಓದಿದರೆ ಇದು ಗುಂಪು, ಐಕ್ಯ, ಪ್ರತಿಭಟನೆ. ತಗಡಿನ ಕಡೆಯಿಂದ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ: ಪ್ರತಿ ದೇಹವೂ ಲೋಹದಲ್ಲಿ ಒಂದು ಆಳ, ಒಂದು ಎತ್ತರ. ಅವರು ಶಿಲ್ಪಿಯೂ ಆಗಿದ್ದವರು. ತಗಡಿನ ಮೇಲೆ ಅವರು ಬಿಡಿಸಲಿಲ್ಲ, ತಗಡನ್ನೇ ಕೆತ್ತಿದರು. 1980ರ ದಶಕದ ‘ಮಹಾ ವಿದೂಷಕ’ದಲ್ಲಿ ಸರ್ಕಸ್ಸಿನ ಕೋಡಂಗಿಯ ಮೈ ಗೆರೆಗಳ ಬಲೆಯಾಗಿ ಹರಡಿಕೊಂಡಿದೆ. ಒಂದು ಪ್ರತಿಯಲ್ಲಿ ಒಂದು ಬಣ್ಣ ಮೇಲೆದ್ದರೆ ಇನ್ನೊಂದರಲ್ಲಿ ಬೇರೆಯದು. ಅದೇ ತಗಡು, ಅದೇ ಕೋಡಂಗಿ. ಒಂದರಲ್ಲಿ ಕುಣಿಯುತ್ತಾನೆ, ಮತ್ತೊಂದರಲ್ಲಿ ಕರಗುತ್ತಾನೆ.

ಮಾಧ್ಯಮವೇ ಆಕೃತಿಯನ್ನು ನಿರ್ಧರಿಸುತ್ತದೆ ಎಂಬ ಈ ಮಾತನ್ನು ಕಸೂತಿ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ವಿವರಿಸಬೇಕಿಲ್ಲ. ಗವಂತಿ, ಮುರಗಿ ಹೊಲಿಗೆಯಲ್ಲಿ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಹಾಗಾಗಿ ಆನೆ, ಗೋಪುರ, ತೇರು ಎಲ್ಲವೂ ಕೋನಕೋನವಾಗಿಯೇ ಹುಟ್ಟುತ್ತವೆ. ಆನೆ ಕೋನವಾಗಿದ್ದರ ಹಿಂದೆ ತತ್ತ್ವ ಹುಡುಕುವ ಮುನ್ನ ಬಟ್ಟೆಯ ನೇಯ್ಗೆ ನೋಡಬೇಕು. ಈ ಪಂಥದ ಮಿತಿಯೂ ಅಲ್ಲೇ ಇದೆ. ಸೂಜಿ ಹೇಗೆ ಓಡಿತು ಎಂದು ಹೇಳಬಲ್ಲದು, ಆನೆಯೇ ಯಾಕೆ ಬೇಕಾಯಿತು ಎಂದು ಹೇಳಲಾರದು.

ಗಾಯವನ್ನು ಓದುವವರು

ಮೂರನೆಯ ಗುಂಪಿಗೆ ಅಮೂರ್ತತೆಯ ಹಿಂದೆ ಇತಿಹಾಸದ ಪೆಟ್ಟು ಕಾಣುತ್ತದೆ. ಬಂಗಾಳದ 1943ರ ಬರಗಾಲ, ದೇಶ ವಿಭಜನೆ, ಮಹಾಯುದ್ಧ ಇವೆಲ್ಲ ದೇಹವನ್ನು ಹೇಗೆ ಮುರಿದವೋ ಕಾಗದವೂ ಹಾಗೆ ಮುರಿಯಿತು ಎಂಬುದು ವಾದ. ಇದಕ್ಕೆ ಸೋಮನಾಥ ಹೋರ್ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1921ರಲ್ಲಿ ಚಿತ್ತಗಾಂಗ್ ಸೀಮೆಯಲ್ಲಿ ಹುಟ್ಟಿದ ಅವರು ಬರಗಾಲವನ್ನು ಕಣ್ಣಾರೆ ಕಂಡವರು, ತೇಭಾಗಾ ರೈತ ಹೋರಾಟವನ್ನು ದಿನಚರಿಯಾಗಿ ಬರೆದು ಚಿತ್ರಿಸಿದವರು. ಮೊದಮೊದಲು ಅವರ ಮರದಚ್ಚುಗಳಲ್ಲಿ ರೈತರು, ಸಭೆಗಳು, ಮುಖಗಳು ಸ್ಪಷ್ಟವಾಗಿದ್ದವು. 1970ರ ದಶಕದ ‘ಗಾಯಗಳು’ ಮಾಲಿಕೆಗೆ ಬರುವ ಹೊತ್ತಿಗೆ ಮನುಷ್ಯನೇ ಕಾಣೆ.

ಆ ಕೃತಿಗಳನ್ನು ಮಾಡಿದ ರೀತಿ ಹೀಗೆ: ಮಣ್ಣಿನ ಹಲಗೆಯನ್ನು ಚಾಕುವಿನಿಂದ ಸೀಳಿ, ಕಾದ ಕಬ್ಬಿಣದಿಂದ ಸುಟ್ಟು, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿಗೆ ಕಾಗದದ ತಿರುಳು ತುಂಬಿ ಒಣಗಿಸಿದರು. ಮಸಿಯೇ ಇಲ್ಲ. ಬಿಳಿಯ ಮೇಲೆ ಬಿಳಿ, ಎಲ್ಲೋ ಒಂದೆಡೆ ಕೆಂಪಿನ ಸುಳಿವು. ಎದುರಿನಿಂದ ಬೆಳಕು ಬಿದ್ದರೆ ಖಾಲಿ ಹಾಳೆ. ಪಕ್ಕದಿಂದ ಬಿದ್ದರೆ ಸೀಳು, ಕುಳಿ, ಉಬ್ಬು. ಕಾಗದ ಇಲ್ಲಿ ಚರ್ಮವಾಗಿದೆ. ಆಕೃತಿಯ ಗಡಿರೇಖೆ ಒಂದೂ ಇಲ್ಲದೆ ದೇಹದ ನೋವು ಇಷ್ಟು ಹತ್ತಿರ ಬಂದದ್ದನ್ನು ನಾನು ಬೇರೆ ಯಾವ ಭಾರತೀಯ ಮುದ್ರಣಕೃತಿಯಲ್ಲೂ ಕಾಣೆ.

ನರಗುಂದದವರಿಗೆ ಈ ಓದು ಬೇಗ ಹತ್ತುತ್ತದೆ. 1980ರ ಜುಲೈ 21ರ ರೈತ ಬಂಡಾಯದಲ್ಲಿ ಗುಂಡಿಗೆ ಬಲಿಯಾದವರ ನೆನಪಿಗೆ ನಿಂತ ಕಲ್ಲನ್ನು ಅಲ್ಲಿ ವೀರಗಲ್ಲು ಎಂದೇ ಕರೆಯುತ್ತಾರೆ. ಪ್ರತಿ ವರ್ಷ ಅಂದು ಅದಕ್ಕೆ ಮಾಲೆ ಬೀಳುತ್ತದೆ. ಹಳೆಯ ವೀರಗಲ್ಲುಗಳಲ್ಲಿ ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗಪೂಜೆ ಎಂದು ಕಥೆಯೇ ಕೆತ್ತಿರುತ್ತದೆ. ಹೊಸದಕ್ಕೆ ಹೆಸರೊಂದೇ ಕಥೆ ಹೊತ್ತು ತರುತ್ತದೆ. ಆದರೆ ಈ ಪಂಥಕ್ಕೂ ಒಂದು ಕೆಟ್ಟ ಚಾಳಿಯಿದೆ: ಎಲ್ಲ ಗೀರುಗಳಲ್ಲೂ ಗಾಯ ಕಾಣುವುದು. ಕೃಷ್ಣ ರೆಡ್ಡಿಯವರ ಅಲೆ, ನೈದಿಲೆಗಳಲ್ಲಿ ನೋವು ಹುಡುಕಿದರೆ ಸಿಗುವುದು ನೋಡುಗನ ಹಟ ಮಾತ್ರ.

ಕಣ್ಣಿನ ಆಟ ಎನ್ನುವವರು

ಮನೋವಿಜ್ಞಾನದ ಕಡೆಯವರು ಇಷ್ಟಕ್ಕೆಲ್ಲ ನಗುತ್ತಾರೆ. ಮನುಷ್ಯನ ಕಣ್ಣು ಎಲ್ಲೆಡೆ ಮನುಷ್ಯನನ್ನೇ ಹುಡುಕುತ್ತದೆ. ಮೋಡದಲ್ಲೂ, ಗೋಡೆಯ ತೇವದ ಕಲೆಯಲ್ಲೂ ಮುಖ ಕಾಣುತ್ತದೆ. ರುಡಾಲ್ಫ್ ಆರ್ನ್‌ಹೈಮ್ 1954ರಲ್ಲಿ, ಗೊಂಬ್ರಿಚ್ 1960ರಲ್ಲಿ ಈ ಬಗ್ಗೆ ವಿಸ್ತಾರವಾಗಿ ಬರೆದರು. ಇದಕ್ಕೂ ಮುಂಚಿನ ಹರ್ಮನ್ ರೋರ್ಶಾಖನ 1921ರ ಹತ್ತು ಮಸಿಕಲೆ ಪಟಗಳು ಮುದ್ರಣಕಲೆಗೆ ಹತ್ತಿರದ ನೆಂಟರು. ಮಸಿ ಚೆಲ್ಲಿ ಕಾಗದ ಮಡಚಿ ಒತ್ತುವುದೂ ಒಂದು ಬಗೆಯ ಅಚ್ಚೇ ಅಲ್ಲವೇ? ಎಡಬಲ ಒಂದೇ ಆದ ಕೂಡಲೆ ಕಲೆಯೊಳಗೆ ಇಬ್ಬರು ಮನುಷ್ಯರು ಎದ್ದು ನಿಲ್ಲುತ್ತಾರೆ. ಈ ವಾದ ತುಂಬ ಪ್ರಾಮಾಣಿಕವಾದದ್ದು, ಆದರೆ ಒಳ್ಳೆಯ ಕೃತಿಗೂ ಗೋಡೆಯ ಕಲೆಗೂ ಇರುವ ವ್ಯತ್ಯಾಸ ಹೇಳು ಎಂದರೆ ಮೌನವಾಗುತ್ತದೆ.

ನಾಡಿನ ಪರಂಪರೆಯ ವಾದ

ಭಾರತೀಯ ಆಧುನಿಕರಲ್ಲಿ ಹಲವರು ಅಮೂರ್ತ ಆಕೃತಿ ಪ್ಯಾರಿಸ್‌ನಿಂದ ಬಂದದ್ದಲ್ಲ, ನಮ್ಮಲ್ಲೇ ಇತ್ತು ಎಂದರು. ಕೆ.ಜಿ. ಸುಬ್ರಹ್ಮಣ್ಯನ್ ಜೀವಂತ ಪರಂಪರೆಯ ಬಗ್ಗೆ ಬರೆದರು, ಜೆ. ಸ್ವಾಮಿನಾಥನ್ ಆದಿವಾಸಿ ಕಲೆಯನ್ನು ಆಧುನಿಕ ಕಲೆಯ ಪಕ್ಕದಲ್ಲೇ ಕೂರಿಸಿದರು. ಈ ವಾದಕ್ಕೆ ನಮ್ಮ ಸೀಮೆಯಷ್ಟು ಸಾಕ್ಷಿ ಒದಗಿಸುವ ಜಾಗ ಕಡಿಮೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದ ಲಜ್ಜಾಗೌರಿ ಇದ್ದಾಳೆ: ತಲೆಯ ಜಾಗದಲ್ಲಿ ಅರಳಿದ ತಾವರೆ, ಕಾಲು ಅಗಲಿಸಿ ಕುಳಿತ ಮೈ. ಭಾದ್ರಪದದಲ್ಲಿ ಬೇವಿನೆಲೆಯ ನಡುವೆ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಜೋಕುಮಾರನಿಗೆ ದೊಡ್ಡ ಕಣ್ಣು, ಬೆಣ್ಣೆ ಮೆತ್ತಿದ ಬಾಯಿ, ಪುರುಷಾಂಗ, ಇಷ್ಟೇ ಮುಖ್ಯ. ಉಳಿದದ್ದು ಮಣ್ಣಿನ ಮುದ್ದೆ. ಆಷಾಢದ ಮಂಗಳವಾರಗಳ ಗುಳ್ಳವ್ವ ಇನ್ನೂ ಸರಳ: ಮಣ್ಣಿನ ಗುಪ್ಪೆ, ಮೈತುಂಬ ಗುಲಗಂಜಿ.

ಬಾದಾಮಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದ ಆರ್.ಎಂ. ಹಡಪದ್ ಅವರಂಥ ಗುರುಗಳ ಕೈಯಲ್ಲಿ ಬೆಳೆದವರಿಗೆ ಈ ರೂಪಗಳು ಪುಸ್ತಕದಿಂದ ಬಂದವಲ್ಲ. ಅತ್ತ ಕರಾವಳಿಯ ಕೆ.ಕೆ. ಹೆಬ್ಬಾರರು 1949–50ರಲ್ಲಿ ಪ್ಯಾರಿಸ್‌ನಲ್ಲಿ ಕಲಿತು ಬಂದರೂ ಅವರ ಗೆರೆ ತುಳುನಾಡಿನ ಕುಣಿತವನ್ನು ಬಿಡಲಿಲ್ಲ. 1964ರ ‘ದಿ ಸಿಂಗಿಂಗ್ ಲೈನ್’ ಸಂಕಲನದಲ್ಲಿ ನರ್ತಕಿಯ ಇಡೀ ಮೈ ಕೆಲವೇ ಗೆರೆಗಳಲ್ಲಿ ಎದ್ದು ನಿಲ್ಲುತ್ತದೆ. ಕೆನ್‌ನಿಂದ ಶಾಂತಿನಿಕೇತನಕ್ಕೆ ಹೋಗಿ ಗ್ರಾಫಿಕ್ಸ್ ಕಲಿತ ಚಂದ್ರನಾಥ ಆಚಾರ್ಯರು ಮಾತ್ರ ಅಮೂರ್ತದ ದಾರಿ ಹಿಡಿಯದೆ ಮನುಷ್ಯನ ಚಹರೆಯನ್ನೇ ವ್ಯಂಗ್ಯಕ್ಕೆ ಒಡ್ಡಿದರು. ಒಂದೇ ನೆಲ, ಒಂದೇ ಶಾಲೆ ಎಂದ ಮಾತ್ರಕ್ಕೆ ಒಂದೇ ಆಕೃತಿ ಹುಟ್ಟಬೇಕಿಲ್ಲ.

ಈ ವಾದದ ಬಗ್ಗೆ ನನಗೆ ಪ್ರೀತಿಯಿದೆ, ನಂಬಿಕೆ ಅರ್ಧ. ಜೋಕುಮಾರನನ್ನೂ ಮಾಸ್ತಿಕಲ್ಲನ್ನೂ ಊರು ಓದುವುದು ಒಂದು ಒಪ್ಪಂದದ ಬಲದಿಂದ. ತೋಳು ಎಂದರೆ ಏನು, ಗುಪ್ಪೆ ಎಂದರೆ ಯಾರು ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ಹಾಡು, ಹಬ್ಬ, ಹರಕೆ ಅದನ್ನು ವರ್ಷವರ್ಷ ನೆನಪಿಸುತ್ತವೆ. ಆಧುನಿಕ ಅಚ್ಚುಚಿತ್ರಕ್ಕೆ ಅಂಥ ಊರಿಲ್ಲ. ಅದರ ಆಕೃತಿ ಒಬ್ಬ ಕಲಾವಿದ ಒಂದು ತಗಡಿನ ಜೊತೆ ಮಾಡಿಕೊಂಡ ಒಪ್ಪಂದ. ನೋಡುಗ ಆಮೇಲೆ ಬಂದು ಸೇರುವವನು. ಎರಡೂ ಕಡೆ ಮೈ ಕುಗ್ಗಿದೆ ಎಂಬ ಹೋಲಿಕೆಯಿಂದ ಎರಡೂ ಒಂದೇ ಎನ್ನಲಾಗದು. ಪರಂಪರೆ ನಮಗೆ ಕೊಟ್ಟಿರುವುದು ಕಡಿಮೆ ಗುರುತಿನಲ್ಲಿ ಮನುಷ್ಯನನ್ನು ಒಪ್ಪಿಕೊಳ್ಳುವ ರೂಢಿ. ಅಮೂರ್ತ ಅಚ್ಚಿನ ಮುಂದೆ ಅದು ಕೆಲಸಕ್ಕೆ ಬರುತ್ತದೆ, ಆದರೆ ಅರ್ಥವನ್ನು ಅದು ಕೈಗೆ ಕೊಡುವುದಿಲ್ಲ.

ಯಾರ ದೇಹ?

ಇಷ್ಟರಲ್ಲಿ ಹೆಚ್ಚಿನ ಮಾತು ಗಂಡಸರದು. 1968ರಲ್ಲಿ ದೆಹಲಿಯಲ್ಲಿ ಜಗಮೋಹನ್ ಚೋಪ್ರಾ ಮುಂದಾಳತ್ವದಲ್ಲಿ ಹುಟ್ಟಿದ ‘ಗ್ರೂಪ್ 8’ ಬಳಗದ ಕಲಾವಿದೆ ಅನುಪಮ್ ಸೂದ್ ಸತುವಿನ ತಗಡಿನಲ್ಲಿ ದೊಡ್ಡ, ಭಾರದ, ಬೆತ್ತಲೆ ಮೈಗಳನ್ನು ಮೂಡಿಸಿದರು. ದೇಹವನ್ನು ಸಂಕೇತವಾಗಿ ಕರಗಿಸುವುದು ಹೆಣ್ಣಿನ ಅನುಭವವನ್ನು ಅಳಿಸುವ ಇನ್ನೊಂದು ದಾರಿ ಎಂದು ಅವರ ಕೃತಿಗಳನ್ನು ಮುಂದಿಟ್ಟು ವಾದಿಸಬಹುದು. ಇದಕ್ಕೆ ವಿರುದ್ಧ ತುದಿಯಲ್ಲಿ ಅಲಿಗಢದಲ್ಲಿ ಹುಟ್ಟಿ ಹೇಟರ್ ಬಳಿ ಕಲಿತ ಜರೀನಾ ಹಾಶ್ಮಿ. ಅವರ 1999ರ 36 ಮರದಚ್ಚುಗಳ ‘ಮನೆಯೆಂಬ ಪರದೇಶ’ದಲ್ಲಿ ಮನೆಯ ನಕ್ಷೆ, ಹೊಸ್ತಿಲು, ಉರ್ದು ಪದಗಳಿವೆ, ಮನುಷ್ಯರಿಲ್ಲ. ಇಲ್ಲದಿರುವುದೇ ದೇಹ ಎಂದು ವಿಮರ್ಶಕರು ಓದುತ್ತಾರೆ. ಜರೀನಾ ವಿಷಯದಲ್ಲಿ ಒಪ್ಪುತ್ತೇನೆ, ಏಕೆಂದರೆ ಹೊಸ್ತಿಲಿಗೆ ದಾಟುವ ಕಾಲು ಬೇಕು. ಆದರೆ ಪ್ರತಿ ಖಾಲಿ ಜಾಗವನ್ನೂ ದೇಹವೆಂದರೆ ಆ ಮಾತಿಗೆ ಬೆಲೆ ಉಳಿಯದು.

ಇನ್ನೂ ತೀರ್ಮಾನವಾಗದ್ದು

ಶೀರ್ಷಿಕೆಯ ಪ್ರಶ್ನೆ ಹಾಗೇ ಉಳಿದಿದೆ. ‘ಪ್ರದರ್ಶನಕಾರರು’ ಎಂಬ ಹೆಸರು ತೆಗೆದರೆ ಆ ಉದ್ದನೆಯ ಆಕೃತಿಗಳು ಮರಗಳಾಗಬಹುದೇ? ಹಾಗಾದರೆ ಮನುಷ್ಯ ಇದ್ದದ್ದು ಕಾಗದದಲ್ಲೋ, ಹೆಸರಿನಲ್ಲೋ? ಒಂದೇ ತಗಡಿನಿಂದ ಬೇರೆಬೇರೆ ಬಣ್ಣದಲ್ಲಿ ಇಳಿದ ಪ್ರತಿಗಳಲ್ಲಿ ಇರುವುದು ಒಬ್ಬನೇ ವಿದೂಷಕನೋ, ಹಲವರೋ ಎಂಬುದಕ್ಕೂ ಒಪ್ಪಿತವಾದ ಉತ್ತರವಿಲ್ಲ; ‘ಮೂಲ ಕೃತಿ’ ಎಂಬ ಮಾತೇ ಮುದ್ರಣಕಲೆಯಲ್ಲಿ ಜಾರುತ್ತದೆ. ಲಜ್ಜಾಗೌರಿಯಿಂದ ಇಂದಿನ ತಗಡಿನವರೆಗೆ ಗೆರೆ ಎಳೆಯುವುದು ಇತಿಹಾಸವೋ, ಹಿಂದಿರುಗಿ ನೋಡುವಾಗ ಆಗುವ ಭ್ರಮೆಯೋ ಎಂಬ ಜಗಳವೂ ಮುಗಿದಿಲ್ಲ. ಇವುಗಳಲ್ಲಿ ನನ್ನ ಮತ ಇಷ್ಟು: ಮೊದಲು ತಗಡನ್ನು ಓದಿ, ಆಮೇಲೆ ಕಾಲವನ್ನು, ಕೊನೆಗೆ ಸಂಕೇತವನ್ನು. ಕ್ರಮ ತಿರುವುಮುರುವಾದಾಗ ಬರುವ ವ್ಯಾಖ್ಯಾನಗಳು ಹೆಚ್ಚಾಗಿ ಕೃತಿಯಿಲ್ಲದೆಯೂ ಬರೆಯಬಹುದಾದವು.

ಇದೆಲ್ಲ ಸಾಧ್ಯವಾಗಲು ಮೂಲಪ್ರತಿ ಎದುರಿಗೆ ಬೇಕು. ಹೋರ್ ಅವರ ಬಿಳಿ ಸೀಳು ಮೊಬೈಲ್ ಪರದೆಯಲ್ಲಿ ಬರೀ ಬೂದುಬಣ್ಣದ ಚೌಕ. ಬೆಂಗಳೂರಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಿದೆ, ಚಿತ್ರಕಲಾ ಪರಿಷತ್ತು ಅದಕ್ಕೂ ಹಿಂದಿನಿಂದ ಇದೆ. ರೋಣದ ಹುಡುಗಿಗೆ ಎರಡೂ ದೂರ. ಗದಗ ಮುದ್ರಣಕ್ಕೆ ಹೆಸರಾದ ಊರು, ಹಳೆಯ ಯಂತ್ರಗಳನ್ನೂ ಅವುಗಳ ಕೈಕೆಲಸವನ್ನೂ ಬಲ್ಲವರು ಇನ್ನೂ ಇದ್ದಾರೆ. ಜಿಲ್ಲೆಯಲ್ಲಿ ಚಿತ್ರಪ್ರದರ್ಶನ ಏರ್ಪಡಿಸುವವರಲ್ಲಿ ಒಂದು ಕೇಳಿಕೆ: ಮುದ್ರಣಕೃತಿಗಳನ್ನು ತೂಗುಹಾಕುವಾಗ ದೀಪವನ್ನು ಪಕ್ಕದಿಂದ ಬಿಡಿ, ಸಾಧ್ಯವಾದರೆ ತಗಡನ್ನೂ ಅದರಿಂದ ತೆಗೆದ ಎರಡು ಪ್ರತಿಗಳನ್ನೂ ಅಕ್ಕಪಕ್ಕ ಇಡಿ, ಚೀಟಿಯಲ್ಲಿ ಶೀರ್ಷಿಕೆಗಿಂತ ಮೊದಲು ವಿಧಾನ ಬರೆಯಿರಿ.